ಓಟಿಪಿ, ಆ್ಯಪ್, ಕೀ: ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಯಾವುದು ನಿಂತಿತು

ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆ ಮೇಲಿದೆ. ಬರೀ ಪಾಸ್‌ವರ್ಡ್ ನಂಬಿ ಕೂರೋದು ಬೇಡ ಅಂತ ಲಾಗಿನ್‌ಗೆ ಎರಡನೇ ಹಂತ ಹಾಕಿದೆವು. ಎಸ್ಸೆಮ್ಮೆಸ್ ಓಟಿಪಿ, ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್, ಯುಎಸ್‌ಬಿಗೆ ಹಾಕುವ ಸೆಕ್ಯೂರಿಟಿ ಕೀ, ಮೂರನ್ನೂ ಸ್ಟಾಫ್ ಕೈಗೆ ಕೊಟ್ಟು ನೋಡಿದ್ದೇನೆ. ನಾನು ನೋಡಿದ್ದು ಮುಖ್ಯವಾಗಿ ಒಂದೇ: ಕಲಿಸಿದ್ದು ಸೀಸನ್ ಗದ್ದಲದಲ್ಲೂ ಉಳಿಯುತ್ತದಾ?

ಓಟಿಪಿ ಯಾರಿಗೂ ಕಲಿಸಬೇಕಿಲ್ಲ. ತೊಂದರೆ ಇರೋದೂ ಅಲ್ಲೇ. ಇ-ವೇ ಬಿಲ್ (ಸರಕು ಸಾಗಿಸುವಾಗ ಬೇಕಾದ ಜಿಎಸ್‌ಟಿ ಪತ್ರ) ಮಾಡುವ ಸರ್ಕಾರಿ ಪೋರ್ಟಲ್‌ನಲ್ಲಿ ಕೊಟ್ಟಿರುವ ನಂಬರ್ ಸಾಹುಕಾರರದು. ಗೇಟಿನಲ್ಲಿ ಬೇಲ್ ತುಂಬಿದ ಲಾರಿ ನಿಂತಿರುತ್ತದೆ, ಇ-ವೇ ಬಿಲ್ ಆಗಬೇಕು, ಸಾಹುಕಾರರು ಎಪಿಎಂಸಿಯಲ್ಲಿರುತ್ತಾರೆ. "ಸಾಹುಕಾರ್ರೆ, ಓಟಿಪಿ ಬಂತೇನ್ರಿ?" ಅಂತ ಗುಮಾಸ್ತರ ಫೋನು. ಅವರು ಸುತ್ತ ಹತ್ತು ಜನ ಇದ್ದರೂ ಜೋರಾಗಿ ಓದಿ ಹೇಳ್ತಾರೆ. ಯಾರಿಗೂ ಓಟಿಪಿ ಹೇಳಬೇಡಿ ಅಂತ ಟ್ರೇನಿಂಗ್ ಕೊಟ್ಟು ಏನು ಬಂತು? ಆಫೀಸು ನಡೆಯೋದೇ ಹೇಳಿಕೊಂಡು! ಮೋಸಗಾರನಿಗೆ ಬೇಕಾದ ಅಭ್ಯಾಸವನ್ನು ನಾವೇ ದಿನಾ ಮಾಡಿಸಿದ ಹಾಗಾಯಿತು. ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಸಿಗದ್ದು ಬೇರೆ ಕಥೆ.

ಇ-ವೇ ಬಿಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಈ ಎರಡನೇ ಹಂತ ಕಡ್ಡಾಯ. ಆದರೆ ಎಸ್ಸೆಮ್ಮೆಸ್ಸೇ ಆಗಬೇಕಂತಿಲ್ಲ. ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಅಂತ ಆ ಪೋರ್ಟಲ್‌ನವರದೇ ಆ್ಯಪ್ ಇದೆ. ಗುಮಾಸ್ತರನ್ನು ಸಬ್ ಯೂಸರ್ ಮಾಡಿ, ಅಂದರೆ ಮಿಲ್ಲಿನ ಖಾತೆಯಡಿ ಬೇರೆ ಬೇರೆ ಲಾಗಿನ್ ಕೊಟ್ಟು, ಅವರವರ ನಂಬರ್ ಹಾಕಿಸಿದರೆ ಕೋಡ್ ಅವರವರ ಫೋನಿನಲ್ಲೇ ಬರುತ್ತದೆ. ಮೇಲ್‌ಗೆ ಗೂಗಲ್ ಅಥೆಂಟಿಕೇಟರ್ ಸಾಕು. ಇಂಥ ಆ್ಯಪ್‌ಗಳು 30 ಸೆಕೆಂಡಿಗೊಮ್ಮೆ ಹೊಸ ಕೋಡ್ ಹುಟ್ಟಿಸುತ್ತವೆ, ನೆಟ್‌ವರ್ಕ್ ಬೇಕಿಲ್ಲ. ಫೋನಿನ ಗಡಿಯಾರ ಮಾತ್ರ ಸರಿ ಇರಬೇಕು. ಟೈಮ್ ಆಟೋಮ್ಯಾಟಿಕ್ ಇಟ್ಟಿರದ ಹಳೇ ಫೋನುಗಳಲ್ಲಿ ಕೋಡ್ ಸುಮ್ನೆ ತಪ್ಪಾಗುತ್ತದೆ, ಜನ ಆ್ಯಪ್‌ಗೆ ಬೈತಾರೆ.

ಆ್ಯಪ್‌ನಲ್ಲಿ ಜಾಸ್ತಿ ಕಲಿಸಬೇಕಾದದ್ದು ಫೋನ್ ಬದಲಿಸುವಾಗ ಏನು ಮಾಡಬೇಕು ಅನ್ನೋದು. ಹಳೇ ಫೋನನ್ನು ಅಳಿಸಿ ಮಗನಿಗೆ ಕೊಟ್ಟು, ಮರುದಿನ ಲಾಗಿನ್ ಆಗ್ತಿಲ್ಲ ಅಂತ ಬರುವವರು ಇದ್ದೇ ಇರುತ್ತಾರೆ. ಆ್ಯಪ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಮೊದಲೇ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ.

ಆದರೆ ಆ್ಯಪ್ ಕೋಡನ್ನೂ ನಮ್ಮವರು ಮೋಸಗಾರನ ನಕಲಿ ಪುಟದಲ್ಲಿ ಟೈಪ್ ಮಾಡಿಬಿಡಬಹುದು, ಅಲ್ವಾ? ಆ ಕಡೆಯವನು ಅದೇ ಗಳಿಗೆಯಲ್ಲಿ ಅದನ್ನು ಅಸಲಿ ಪುಟಕ್ಕೆ ಹಾಕಿಬಿಡುತ್ತಾನೆ. ಕೀ ಗೆಲ್ಲೋದು ಇಲ್ಲಿ. ಅದು ನೋಂದಾಯಿಸಿದ ವೆಬ್ ವಿಳಾಸಕ್ಕಷ್ಟೇ ಉತ್ತರ ಕೊಡುತ್ತದೆ. ಒಂದಕ್ಷರ ಬೇರೆ ಇದ್ದರೂ ಸುಮ್ಮನಿರುತ್ತದೆ. ಗುಮಾಸ್ತರು ಮೋಸ ಹೋದರೂ ಕೀ ಮೋಸ ಹೋಗೋದಿಲ್ಲ. "ಲಾಗಿನ್ ಆಗುವಾಗ ಬೆರಳಿಂದ ಮುಟ್ಟಿ, ಮನೆಗೆ ಹೋಗುವಾಗ ತೆಗೆದಿಡಿ", ಇಷ್ಟೇ ಟ್ರೇನಿಂಗ್.

ಬೆಲೆ ಮಾತ್ರ ಕೈ ಕಚ್ಚುತ್ತದೆ. ಒಂದಕ್ಕೇ ಸಾವಿರಗಟ್ಟಲೆ, ಕಳೆದರೆ ಇರಲಿ ಅಂತ ತಲೆಗೆ ಎರಡು ಬೇಕು. ಅದಕ್ಕೇ ಅಕೌಂಟ್ಸ್ ಟೇಬಲ್ ಮತ್ತು ಅಡ್ಮಿನ್ ಲಾಗಿನ್‌ಗಷ್ಟೇ ಕೀ ಕೊಟ್ಟಿದ್ದೇವೆ. ಪಾರ್ಟಿಯ ಬ್ಯಾಂಕ್ ಖಾತೆ ನಂಬರ್ ಬದಲಾಗಿದೆ ಅನ್ನುವ ಸುಳ್ಳು ಮೇಲ್ ಬರೋದು ಅಕೌಂಟ್ಸ್‌ಗೇ. ಲಾಗಿನ್ ಕದಿಯೋದನ್ನು ಕೀ ತಡೆಯುತ್ತದೆ, ಅಂಥ ಮೇಲನ್ನು ಯಾವ ಕೀಯೂ ತಡೆಯಲ್ಲ; ಬಂದರೆ ಪಾರ್ಟಿಯ ಹಳೇ ಫೋನ್ ನಂಬರಿಗೆ ಫೋನ್ ಮಾಡಿ ಕೇಳಲೇಬೇಕು. ಉಳಿದವರಿಗೆಲ್ಲ ಆ್ಯಪ್. ನಮ್ಮ ಬ್ಯಾಂಕಿನ ಪೋರ್ಟಲ್ ಇನ್ನೂ ಎಸ್ಸೆಮ್ಮೆಸ್ಸನ್ನೇ ಕೇಳುತ್ತದೆ. ಅದಕ್ಕೊಂದು ಬೇರೆ ಸಿಮ್ ತೆಗೆದು, ಸಾದಾ ಫೋನಿಗೆ ಹಾಕಿ ಹಣ ಕಳಿಸುವವರ ಕೈಗೇ ಕೊಟ್ಟಿದ್ದೇವೆ.