ಮಣಿಕಟ್ಟೋ, ತೋಳೋ, ಎದೆಯೋ: ಮನೆ ವ್ಯಾಯಾಮಕ್ಕೆ ಯಾವ ಹಾರ್ಟ್‌ರೇಟ್ ಮಾನಿಟರ್?

ಹೃದಯ ಬಡಿತ ಅಳೆಯುವ ಸಾಧನ ಕೊಳ್ಳುವವರು ಮೊದಲು ಕಂಪನಿ ಕೇಳುತ್ತಾರೆ, ಆಮೇಲೆ ಬೆಲೆ. ನನ್ನನ್ನು ಕೇಳಿದರೆ, ಅದು ಮೈಮೇಲೆ ಎಲ್ಲಿ ಕೂರುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಮನೆಯೊಳಗಿನ ವ್ಯಾಯಾಮದಲ್ಲಿ ಕೈಗೇ ಕೆಲಸ ಜಾಸ್ತಿ. ಸೂರ್ಯನಮಸ್ಕಾರದಲ್ಲಿ ಮೈಭಾರ ಅಂಗೈ ಮೇಲೆ, ಡಂಬೆಲ್ ಎತ್ತುವಾಗ ಮುಷ್ಟಿ ಬಿಗಿ, ಸ್ಕಿಪ್ಪಿಂಗ್‌ನಲ್ಲಿ ತಿರುಗುವುದೇ ಮಣಿಕಟ್ಟು. ಅಂಗಡಿಯವರು ತೋರಿಸುವುದು ಮಾತ್ರ ಆ ಮಣಿಕಟ್ಟಿಗೇ ಕಟ್ಟುವಂಥದ್ದು.

ನನಗೆ 52. ಮೈಸೂರಿನ ಮನೆಯ ಹಾಲ್‌ನಲ್ಲಿ ಬೆಳಿಗ್ಗೆ ಸೂರ್ಯನಮಸ್ಕಾರ, ಸಂಜೆ ಎಕ್ಸರ್‌ಸೈಜ್ ಸೈಕಲ್, ಮಳೆ ಹಿಡಿದು ವಾಕಿಂಗ್ ತಪ್ಪಿದರೆ ನಿಂತಲ್ಲೇ ಜಾಗಿಂಗ್. 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕದಲ್ಲಿ ನನ್ನ ಗರಿಷ್ಠ ಬಡಿತ 168. ಮಧ್ಯಮ ವ್ಯಾಯಾಮ ಅಂದರೆ ಅದರ ಶೇ. 50ರಿಂದ 70, ಸುಮಾರು 84ರಿಂದ 118. ಈ ಗೆರೆಯ ಆಚೆ ಹೋದೆನೋ ಈಚೆ ಇದ್ದೇನೋ ತಿಳಿಯಲು ಐದಾರು ಬಡಿತದ ವ್ಯತ್ಯಾಸ ನಡೆಯುತ್ತದೆ, ಮೂವತ್ತರದ್ದು ನಡೆಯುವುದಿಲ್ಲ.

ಕಾಸಿಲ್ಲದ ದಾರಿ ಬೆರಳು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ, ಅಷ್ಟೇ. ಕತ್ತಿನಲ್ಲಿ ನೋಡುವವರು ಒತ್ತಿ ಹಿಡಿಯಬಾರದು, ಎರಡೂ ಬದಿ ಒಟ್ಟಿಗಂತೂ ಕೂಡದು. ಅಲ್ಲಿ ಒತ್ತಿದರೆ ಬಡಿತವೇ ಇಳಿಯುತ್ತದೆ. ತೊಡಕೆಂದರೆ, ಎಣಿಸಲು ವ್ಯಾಯಾಮ ನಿಲ್ಲಿಸಬೇಕು.

ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿದೆ. ಅದರ ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಎರಡೂ ಬೆರಳನ್ನು ತೂರಿಹೋಗಬೇಕು, ಬೆರಳು ಅಲುಗಬಾರದು. ಹಾಗಾಗಿ ಸೈಕಲ್ ತುಳಿಯುವಾಗ ಪ್ರಯೋಜನವಿಲ್ಲ. ಆದರೆ ಇಳಿದು ಕೂತ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ: ಮೊದಲ ಒಂದು ನಿಮಿಷದಲ್ಲಿ ಬಡಿತ ಎಷ್ಟು ಇಳಿಯಿತು ಎಂದು ಬೆರಳಿನಲ್ಲೇ ನೋಡಬಹುದು. ಉಗುರು ಬಣ್ಣ ಇರಬಾರದು.

ಇನ್ನು ಸ್ಮಾರ್ಟ್ ಬ್ಯಾಂಡ್. ಅದರ ಅಡಿಯಲ್ಲಿ ಮಿನುಗುವ ಹಸಿರು ದೀಪವೇ ಎಲ್ಲ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ; ಪ್ರತಿ ಬಡಿತಕ್ಕೂ ರಕ್ತ ಏರಿ ಇಳಿದಂತೆ ವಾಪಸಾಗುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಸುಮ್ಮನೆ ಕೂತಾಗ, ನಿದ್ದೆಯಲ್ಲಿ, ನಿಧಾನ ನಡಿಗೆಯಲ್ಲಿ ನನ್ನ ಬ್ಯಾಂಡ್, ಹೋಲಿಸಿ ನೋಡಲು ಎದೆಗೆ ಕಟ್ಟಿಕೊಂಡಿದ್ದ ಎದೆಪಟ್ಟಿಯ ಜೊತೆಜೊತೆಗೇ ಸಾಗಿತು. ಸೈಕಲ್ ಮೇಲೂ, ಹ್ಯಾಂಡಲ್ ಬಿಗಿಹಿಡಿಯದಿದ್ದರೆ, ಪರವಾಗಿಲ್ಲ. ಕೆಟ್ಟದ್ದು ಸೂರ್ಯನಮಸ್ಕಾರದಲ್ಲಿ. ಪರ್ವತಾಸನಕ್ಕೆ ಅಂಗೈ ಊರಿದ ಕೂಡಲೇ ಮಣಿಕಟ್ಟು ಹಿಂದಕ್ಕೆ ಮಡಿಚಿ ಚರ್ಮಕ್ಕೂ ಬ್ಯಾಂಡಿಗೂ ನಡುವೆ ಸಂದು ಬೀಳುತ್ತದೆ. ಎದೆಪಟ್ಟಿ 124 ಅನ್ನುವಾಗ ಬ್ಯಾಂಡ್ 91ರಲ್ಲಿ ನಿಂತಿರುತ್ತಿತ್ತು. ನಿಂತಲ್ಲೇ ಜಾಗಿಂಗ್‌ನಲ್ಲಿ ಇದಕ್ಕೆ ತದ್ವಿರುದ್ಧ: ಕೈಬೀಸುವ ಲಯಕ್ಕೂ ರಕ್ತ ಅಲ್ಲಾಡುತ್ತದಲ್ಲ, ಬ್ಯಾಂಡ್ ಆ ಹೆಜ್ಜೆಯ ಲಯವನ್ನೇ ಬಡಿತವೆಂದು ಎಣಿಸಿಬಿಡುತ್ತದೆ. ನಿಮಿಷಕ್ಕೆ 150 ಹೆಜ್ಜೆ ಹಾಕಿದರೆ 150 ಬಡಿತ ತೋರಿಸುತ್ತದೆ. ಹೊಸಬರು ನೋಡಿದರೆ ಹೆದರಿ ಕೂತೇಬಿಡುತ್ತಾರೆ.

ಹೆಂಗಸರಿಗೆ ಇನ್ನೊಂದು ಮಾತು. ಬ್ಯಾಂಡ್ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಿರಬೇಕು. ಬಳೆ ಹಾಕಿದ ಕೈಯಲ್ಲಿ ಅದು ಅಲ್ಲಿ ನಿಲ್ಲುವುದೇ ಇಲ್ಲ, ತಳ್ಳಿಸಿಕೊಂಡು ಮೂಳೆಯ ಮೇಲೆ ಬಂದು ಕೂರುತ್ತದೆ. ಬಳೆ ಇಲ್ಲದ ಕೈಗೆ ಕಟ್ಟಿ. ನಮ್ಮ ಅತ್ತೆಯವರ ಮುಂಗೈ ತುಂಬ ಹಚ್ಚೆ. ಅವರ ಕೈಗೆ ಕಟ್ಟಿದರೆ ಪರದೆ ಮೇಲೆ ಬರೀ ಗೆರೆ. ಹಚ್ಚೆಯ ಬಣ್ಣ ಬೆಳಕನ್ನು ತಡೆಯುತ್ತದೆ, ಅದಕ್ಕೆ ದುಬಾರಿ ವಾಚೂ ಹೊರತಲ್ಲ.

ಅದೇ ಹಸಿರು ದೀಪವನ್ನು ಮೊಣಕೈಗಿಂತ ಸ್ವಲ್ಪ ಕೆಳಗೋ ರಟ್ಟೆಗೋ ಕಟ್ಟಿದರೆ ಕತೆ ಬೇರೆ. ಅಲ್ಲಿ ಮಾಂಸವಿದೆ, ಮಡಿಚುವ ಕೀಲಿಲ್ಲ. ಪೋಲಾರ್ ವೆರಿಟಿ ಸೆನ್ಸ್ ಈ ಜಾತಿಯದ್ದು, ಅಗ್ಗದ ಬೇರೆ ತೋಳಪಟ್ಟಿಗಳೂ ಇವೆ. ಮಗಳಿಂದ ಕಡ ತಂದ ತೋಳಪಟ್ಟಿ ಸೂರ್ಯನಮಸ್ಕಾರದಲ್ಲಿ ಎದೆಪಟ್ಟಿಗಿಂತ ಎರಡು ಮೂರು ಬಡಿತ ಆಚೀಚೆ ಇತ್ತು, ಅಷ್ಟೇ. ಬಡಿತ ಗಕ್ಕನೆ ಏರಿದಾಗ ಮಾತ್ರ ಕೆಲವು ಸೆಕೆಂಡ್ ಹಿಂದೆ ಬೀಳುತ್ತದೆ, ಏಕೆಂದರೆ ಬೆಳಕಿನ ಲೆಕ್ಕಕ್ಕೆ ಹಲವು ಬಡಿತ ಸೇರಿಸಿ ಸರಾಸರಿ ಹಾಕಬೇಕು. ಅರ್ಧ ನಿಮಿಷ ಜೋರು, ಅರ್ಧ ನಿಮಿಷ ನಿಧಾನ ಎಂದು ಸೈಕಲ್ ತುಳಿಯುವವರಿಗೆ ಈ ತಡ ಕಿರಿಕಿರಿ. ಚಾರ್ಜ್ ಮಾಡುವ ನೆನಪೂ ಇರಬೇಕು.

ಎದೆಪಟ್ಟಿ ಬೆಳಕನ್ನು ನೋಡುವುದಿಲ್ಲ, ಇಸಿಜಿ ಯಂತ್ರದಂತೆ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. 1977ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಶುರುವಾದ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಮಾನಿಟರ್ ಮಾರುಕಟ್ಟೆಗೆ ತಂದಾಗಲೂ ಉಪಾಯ ಇದೇ ಆಗಿತ್ತು. ಅದೇ ಕಂಪನಿಯ ಎಚ್10 ಎದೆಪಟ್ಟಿ ಬ್ಲೂಟೂತ್‌ನಲ್ಲಿ ಫೋನಿಗೆ ಸಂಖ್ಯೆ ಕಳಿಸುತ್ತದೆ. ನಾನು ನೋಡಿದವುಗಳಲ್ಲಿ ನಂಬಿಕೆಗೆ ಇದರ ಸಮ ಇಲ್ಲ. ಕೈ ಏನೇ ಮಾಡಲಿ, ಬಡಿತ ಏರಿದ ಕ್ಷಣವೇ ಸಂಖ್ಯೆ ಏರುತ್ತದೆ.

ಆದರೆ ಸೇವೆ ಕೇಳುತ್ತದೆ. ಕಟ್ಟುವ ಮೊದಲು ಒಳಗಿನ ರಬ್ಬರ್ ಪಟ್ಟಿಗೆ ನೀರು ಹಚ್ಚಬೇಕು. ಒಣಗಿದ್ದರೆ ಬೆವರು ಬರುವ ತನಕ ಸಂಖ್ಯೆ ಎರ್ರಾಬಿರ್ರಿ. ಡಿಸೆಂಬರ್‌ನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ ಫ್ಯಾನ್ ಕೆಳಗೆ ಕೂತರಂತೂ ಇದ್ದಕ್ಕಿದ್ದಂತೆ 200 ದಾಟುತ್ತದೆ. ಅದು ಬಟ್ಟೆಯ ಸ್ಥಾಯಿ ವಿದ್ಯುತ್, ಹತ್ತಿಯದು ಹಾಕಿದರೆ ನಿಲ್ಲುತ್ತದೆ. ಮುಗಿದ ಮೇಲೆ ಗುಂಡಿ ಬಿಚ್ಚಿ ಯಂತ್ರವನ್ನು ಬೇರೆ ಮಾಡಿಡಿ. ಒದ್ದೆ ಪಟ್ಟಿಗೆ ಅಂಟಿಕೊಂಡಿದ್ದರೆ ಇನ್ನೂ ಎದೆಯ ಮೇಲೇ ಇದ್ದೇನೆಂದು ಬ್ಯಾಟರಿ ತಿನ್ನುತ್ತಿರುತ್ತದೆ. ಸಿಆರ್2025 ಬಿಲ್ಲೆ, ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಬ್ರಾ ಪಟ್ಟಿಯ ಕೆಳಗೆ ಇನ್ನೊಂದು ಬಿಗಿ ಪಟ್ಟಿ ದಿನಾ ಕಟ್ಟುವುದು ಎಲ್ಲರಿಗೂ ಒಗ್ಗುವುದಿಲ್ಲ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಹಾಕಬಾರದು.

ಹಾಗಾದರೆ ಯಾವುದು? ಜೋರು-ನಿಧಾನದ ವ್ಯಾಯಾಮ ಮಾಡುವವರು, ಸಂಖ್ಯೆ ಕರಾರುವಾಕ್ಕಾಗಿ ಬೇಕೆನ್ನುವವರು ಎದೆಪಟ್ಟಿ ತನ್ನಿ. ಯೋಗ, ಡಂಬೆಲ್, ಸೈಕಲ್ ಎಂದು ಬೆರಕೆ ಮಾಡುವ ನನ್ನಂಥವರಿಗೆ ತೋಳಪಟ್ಟಿ. ನಾನು ಕೊನೆಗೆ ದುಡ್ಡು ಕೊಟ್ಟು ಕೊಂಡದ್ದೂ ಅದನ್ನೇ, ಏಕೆಂದರೆ ಎದೆಪಟ್ಟಿಯನ್ನು ಒದ್ದೆ ಮಾಡುವ ಸೋಮಾರಿತನಕ್ಕೆ ಎಷ್ಟೋ ದಿನ ಅದು ಮೊಳೆಯಲ್ಲೇ ನೇತಾಡುತ್ತಿತ್ತು. ಬರೀ ವಾಕಿಂಗ್ ಆದರೆ ಇರುವ ಬ್ಯಾಂಡೇ ಸಾಕು, ಹೊಸದಕ್ಕೆ ಖರ್ಚು ಬೇಡ. ನಮ್ಮ ಅತ್ತಿಗೆಯ ವಿಷಯ ಬೇರೆ: ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ, ಆ ಮಾತ್ರೆ ಬಡಿತವನ್ನೇ ಹಿಡಿದಿಡುತ್ತದೆ. 220ರ ಲೆಕ್ಕ ಅವರಿಗೆ ಹೊಂದುವುದಿಲ್ಲ, ಎಂಥ ಯಂತ್ರ ತಂದರೂ ಗುರಿಯ ಸಂಖ್ಯೆ ಡಾಕ್ಟರೇ ಹೇಳಬೇಕು. ಸದ್ಯಕ್ಕೆ ಅವರು ಸೈಕಲ್ ತುಳಿಯುತ್ತಾ ಮಾತಾಡಲು ಸಾಧ್ಯವಾಗುವಷ್ಟೇ ವೇಗ ಇಟ್ಟುಕೊಂಡಿದ್ದಾರೆ. ಮಾತಿಗಂತೂ ಕೊರತೆಯಿಲ್ಲ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಡಬ್ಬಿಯ ಮೇಲೆ ಬ್ಲೂಟೂತ್ ಎಂದಿದೆಯೇ ನೋಡಿ. ಎಎನ್‌ಟಿ ಪ್ಲಸ್ ಎಂಬ ಬೇರೆ ತಂತಿಯಿಲ್ಲದ ಸಂಪರ್ಕ ಮಾತ್ರ ಇರುವ ಪಟ್ಟಿಯನ್ನು ಹೆಚ್ಚಿನ ಫೋನುಗಳು ಗುರುತಿಸವು. ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಹಾಕಿಕೊಂಡು ಸೈಕಲನ್ನು ಒಂದೇ ವೇಗದಲ್ಲಿ ಐದು ನಿಮಿಷ ತುಳಿಯಿರಿ. ಕಾಲು ನಿಲ್ಲಿಸಿದ ಕೂಡಲೇ ಪರದೆಯ ಸಂಖ್ಯೆ ನೋಡಿಕೊಂಡು 15 ಸೆಕೆಂಡ್ ಬೆರಳಿನಿಂದ ಎಣಿಸಿ. ನಿಲ್ಲಿಸಿದ ಮೇಲೆ ಬಡಿತ ಇಳಿಯುತ್ತಲೇ ಇರುವುದರಿಂದ ಬೆರಳಿನ ಲೆಕ್ಕ ತುಸು ಕಡಿಮೆ ಬರುವುದು ಸಹಜ. ಇಪ್ಪತ್ತು ಮೂವತ್ತು ಎತ್ತರ ತಗ್ಗಾದರೆ ಪಟ್ಟಿ ಬಿಗಿ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಬಂದರೆ ವಾಪಸ್ ಕಳಿಸಿ.