ಇ-ರೀಡರ್, ಮೊಬೈಲ್, ಆಡಿಯೋ, ಲೈಬ್ರರಿ ಕಾರ್ಡು: ಒಂದು ವರ್ಷ ಓದಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಲೈಬ್ರರಿ ಕಾರ್ಡಿಗೆ. ನೀವು ಜಾಸ್ತಿ ಓದುವುದು ಕನ್ನಡವನ್ನೇ ಆಗಿದ್ದು, ತಿಂಗಳಿಗೆ ಮೂರ್ನಾಲ್ಕು ಪುಸ್ತಕ ಮುಗಿಸುವವರಾದರೆ, ಮನೆ ಹತ್ತಿರದ ಶಾಖಾ ಗ್ರಂಥಾಲಯಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ನಾನು ಮಾತ್ರ 12 ಸಾವಿರ ರೂಪಾಯಿ ಕೊಟ್ಟು ಇ-ರೀಡರ್ (ಇ-ಪುಸ್ತಕ ಓದಲೆಂದೇ ಇರುವ ಯಂತ್ರ) ಕೊಂಡ ಮೇಲೆ ಈ ಮಾತಿಗೆ ಬಂದೆ. ನಿಮಗೆ ಆ ಖರ್ಚು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಆಫೀಸು ಯಶವಂತಪುರಕ್ಕೆ ಹೋಯಿತು. ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ದಿನಕ್ಕೆ ಒಂದು ಗಂಟೆ ಓದಲು ಸಿಕ್ಕಿತು ಅಂತ ಖುಷಿಯಾಗಿದ್ದೆ. ಆದರೆ ಬೆಳಗ್ಗೆ ಸೀಟು ಸಿಗುವುದಿಲ್ಲ. ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ಪುಸ್ತಕಕ್ಕೆ. 700 ಪುಟದ ಕಾದಂಬರಿಯನ್ನು ಹಾಗೆ ಹಿಡಿದುಕೊಂಡರೆ ಜಯನಗರ ಬರುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಹಾಳೆ ತಿರುವಲು ಕೈಯೇ ಇರುವುದಿಲ್ಲ. ಅದಕ್ಕೇ ಆರು ಇಂಚಿನ ಇ-ರೀಡರ್ ತರಿಸಿದೆ.

ಯಂತ್ರದ ಬಗ್ಗೆ ನನಗೆ ದೂರಿಲ್ಲ. ಹಗುರ. ಬಿಸಿಲಲ್ಲೂ ಓದಬಹುದು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಶುರುವಾಗಿದ್ದು ಕನ್ನಡ ಪುಸ್ತಕ ಹಾಕಿದ ಮೇಲೆ.

ಮೊದಲ ದಿನ ಒಂದು ಪ್ರಬಂಧ ಸಂಕಲನದ ಇ-ಪಬ್ (ಇ-ಪುಸ್ತಕದ ಒಂದು ರೂಪ) ಫೈಲು ಹಾಕಿದೆ. ತೆರೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ. ‘ಸ್ತ್ರೀ’ ಅನ್ನುವುದು ‘ಸ್‌ತ್‌ರೀ’ ಅಂತ ಮೂರು ತುಂಡಾಗಿ ನಿಂತಿತ್ತು. ‘ಅಕ್ಷರ’ ಇದ್ದದ್ದು ‘ಅಕ್‌ಷರ’. ಒಂದು ಸಾಲು ಹೇಗೋ ಓದಬಹುದು, ಎರಡನೇ ಸಾಲಿಗೆ ತಲೆ ಬಿಸಿ. ಓದುವಾಗ ನಮ್ಮ ಕಣ್ಣು ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋಗುವುದಿಲ್ಲ, ಪದದ ಅಕ್ಷರಗಳನ್ನು ಒಟ್ಟಿಗೇ ಹಿಡಿಯುತ್ತದೆ ಅಲ್ವಾ? ಆ ಅಕ್ಷರಗಳೇ ಮುರಿದಿದ್ದರೆ ಓದು ಒಂದನೇ ಕ್ಲಾಸಿನ ಕಾಗುಣಿತಕ್ಕೆ ಇಳಿಯುತ್ತದೆ.

ಫಾಂಟು ಬದಲಿಸಿದರೆ ಸರಿಹೋಗಬಹುದು ಅಂದುಕೊಂಡೆ. ಒಳ್ಳೆಯ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿರುವ ಸಾಮಾನ್ಯ ಸಂಕೇತ ಪದ್ಧತಿ) ಫಾಂಟು ಹಾಕಿ ನೋಡಿದೆ. ಅಕ್ಷರ ಚೆಂದವಾಯಿತು, ಒತ್ತು ಮಾತ್ರ ಕೂಡಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಯೂನಿಕೋಡಿನಲ್ಲಿ ಮೂಲಾಕ್ಷರ, ಅರ್ಧಾಕ್ಷರದ ಚಿಹ್ನೆ (್), ಮತ್ತೆ ಅಕ್ಷರ ಅಂತ ಸಾಲಾಗಿ ಇರುತ್ತವೆ. ಅವನ್ನು ಸೇರಿಸಿ ಒತ್ತನ್ನು ಕೆಳಗೆ ಕೂರಿಸಲು ಫಾಂಟು ಒಂದೇ ಸಾಲದು, ಯಂತ್ರದ ತಂತ್ರಾಂಶಕ್ಕೂ ಆ ಕೆಲಸ ಗೊತ್ತಿರಬೇಕು. ಮೊಬೈಲುಗಳಿಗೆ ಗೊತ್ತಿದೆ. ನಾನು ಕೊಂಡದ್ದಕ್ಕೆ ಗೊತ್ತಿರಲಿಲ್ಲ.

ಸರಿ, ಪಿಡಿಎಫ್ ನೋಡೋಣ ಅಂದೆ. ಅದರಲ್ಲಿ ಒತ್ತು ಸರಿಯಾಗಿ ಬರುತ್ತದೆ. ಆದರೆ ನಮ್ಮ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಅಂದರೆ ಈ ಪರದೆಗಿಂತ ಸಾಕಷ್ಟು ದೊಡ್ಡವು. ಆ ಪುಟವನ್ನು ಆರು ಇಂಚಿಗೆ ಕುಗ್ಗಿಸಿದರೆ ಒತ್ತಕ್ಷರ ಸಾಸಿವೆ ಕಾಳಿನಷ್ಟು. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು, ಎಳೆದಾಗಲೆಲ್ಲ ಪರದೆ ಒಮ್ಮೆ ಕಪ್ಪಾಗಿ ಬೆಳ್ಳಗಾಗುತ್ತದೆ. ಯಾರೋ ಹೇಳಿದರು, ಪಿಡಿಎಫ್‌ನಿಂದ ಪಠ್ಯ ಎತ್ತಿಕೊಂಡು ಬೇರೆ ಫೈಲು ಮಾಡಿಕೊಳ್ಳಿ ಅಂತ. ಎತ್ತಿದೆ. ಬಂದದ್ದು ಕನ್ನಡವೇ ಅಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ ಇರುವ ಇಂಗ್ಲಿಷ್ ಅಕ್ಷರಗಳ ಸಾಲು. ಹಳೆಯ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳು ಹಾಗೇ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಪರಿವರ್ತಕ ಬಳಸಿ ಯೂನಿಕೋಡ್ ಮಾಡಿದೆ ಅಂತಿಟ್ಟುಕೊಳ್ಳಿ, ಮತ್ತೆ ಅದೇ ‘ಸ್‌ತ್‌ರೀ’ಗೆ ಬಂದು ನಿಲ್ಲುತ್ತೇವೆ.

ಮೂರು ವಾರ ಸಂಜೆ ಹೊತ್ತೆಲ್ಲ ಕೇಬಲ್ಲು, ಲ್ಯಾಪ್‌ಟಾಪು ಹಿಡಿದು ಕೂತೆ. ಆ ಮೂರು ವಾರದಲ್ಲಿ ಒಂದು ಪುಸ್ತಕವನ್ನೂ ಮುಗಿಸಲಿಲ್ಲ. ಹೈಸ್ಕೂಲಿನಿಂದ ಈಚೆಗೆ ಹಾಗೆ ಆದದ್ದು ನನಗೆ ನೆನಪಿಲ್ಲ, ನಿಜಕ್ಕೂ ಬೇಜಾರಾಯಿತು. ಈಗ ಆ ಯಂತ್ರ ಮಗಳ ಹತ್ತಿರ ಇದೆ. ಅವಳು ಇಂಗ್ಲಿಷ್ ಓದುತ್ತಾಳೆ, ಅವಳಿಗೆ ಅದು ಪ್ರಾಣ. ಕೊಳ್ಳಲೇಬೇಕು ಅನ್ನುವವರಿಗೆ ನನ್ನದು ಒಂದೇ ಮಾತು: ಅಂಗಡಿಯಲ್ಲೋ ಗೆಳೆಯರ ಬಳಿಯೋ ಒಂದು ಕನ್ನಡ ಫೈಲು ಹಾಕಿಸಿ, ‘ಸ್ತ್ರೀ’, ‘ಅರ್ಘ್ಯ’, ‘ಲಕ್ಷ್ಮಿ’ ಈ ಮೂರು ಪದ ನೋಡಿಯೇ ದುಡ್ಡು ಕೊಡಿ.

ಮೊಬೈಲಿನಲ್ಲಿ ಈ ಯಾವ ಕಾಟವೂ ಇಲ್ಲ. ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಎಂಬ ಎರಡು ಇ-ಪುಸ್ತಕದ ಆ್ಯಪ್‌ಗಳಲ್ಲೂ ಕನ್ನಡ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ನೋಡುವ ಕಣ್ಣಿಗೆ ಮತ್ತೆ ಬೆಳಕಿನ ಪರದೆ ನನಗೆ ಬೇಡ. ಓದುತ್ತಿರುವಾಗಲೇ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ಸುದ್ದಿ ಬಂದರೆ ಕಥೆ ಅಲ್ಲಿಗೆ ಹೋಯಿತು. ನನ್ನ ತಂಗಿ ಫ್ರಾಂಕ್‌ಫರ್ಟ್‌ನಲ್ಲಿದ್ದಾಳೆ, ಅವಳಿಗೆ ಇದೇ ಸರಿ. ಅಲ್ಲಿಗೆ ಅಂಚೆಯಲ್ಲಿ ಪುಸ್ತಕ ತರಿಸಿಕೊಂಡರೆ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ.

ಆಡಿಯೋ ಪುಸ್ತಕ ಅಡುಗೆ ಮಾಡುವಾಗ ಚೆನ್ನ. ಧಾರವಾಡದ ಕಡೆಯ ಮಾತನ್ನು ಆ ಕಡೆಯವರೇ ಓದಿದರೆ ಇನ್ನೂ ಚೆನ್ನ, ಪುಟದಲ್ಲಿ ತಡವರಿಸುವ ಸಂಭಾಷಣೆ ಕಿವಿಗೆ ಸಲೀಸು. ಕವಿತೆಗೆ ಆಗಿಬರುವುದಿಲ್ಲ, ನನಗೆ ಹಿಂದಿನ ಸಾಲಿಗೆ ಹೋಗಿ ಬರಬೇಕು.

ಹೊಸ ಪುಸ್ತಕ ಕೊಳ್ಳುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಶನಿವಾರ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗಿ ಹೊಸ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ನೋಡದಿದ್ದರೆ ವಾರ ಮುಗಿದ ಹಾಗೆ ಅನ್ನಿಸುವುದಿಲ್ಲ. ಮೊದಲು ತಿಂಗಳಿಗೆ 2000 ರೂಪಾಯಿ ಹೋಗುತ್ತಿತ್ತು, ಈಗ 600ಕ್ಕೆ ನಿಲ್ಲಿಸಿದ್ದೇನೆ. ಇನ್ನೊಮ್ಮೆ ಓದುತ್ತೇನೆ ಅಂತ ಖಾತ್ರಿ ಇದ್ದರೆ ಮಾತ್ರ ಕೊಳ್ಳುತ್ತೇನೆ. ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುತ್ತದಲ್ಲ, ದಪ್ಪ ಸಂಪುಟಗಳನ್ನು ಅಲ್ಲಿಯವರೆಗೆ ಕಾದು ತರುತ್ತೇನೆ.

ಇನ್ನು ನನ್ನ ಲೈಬ್ರರಿ. ಇ-ರೀಡರ್ ಮೇಲೆ ಬೇಸರ ಬಂದ ವಾರವೇ ಹೋಗಿ ಸದಸ್ಯಳಾದೆ. ಠೇವಣಿ ಸಣ್ಣದು. ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ: 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಅಂದರೆ ಆ ಪುಸ್ತಕಗಳಿಗೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ.

ಕುಂದು ಕೊರತೆ ಇವೆ. ಹೊಸ ಪುಸ್ತಕ ಸಗಟು ಖರೀದಿಯ ಮೂಲಕ ಬರಬೇಕು, ಬೇಗ ಬರುವುದಿಲ್ಲ. ಸೋಮವಾರ ರಜೆ, ಎರಡನೇ ಮಂಗಳವಾರವೂ ರಜೆ. ಕೆಲವು ಪುಸ್ತಕಕ್ಕೆ ಬೆನ್ನೇ ಇಲ್ಲ. ಪೆನ್ನಿನಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಅಲ್ಲಿ ಸಿಕ್ಕ ಎರಡನೇ ಪುಸ್ತಕವನ್ನು ನೋಡಬೇಕಿತ್ತು ನೀವು. ಮಲೆನಾಡಿನ ಕಾದಂಬರಿ, ಹಳೆಯ ಪ್ರತಿ. ಹಿಂದೆ ಅಂಟಿಸಿದ ಚೀಟಿಯಲ್ಲಿ 1987ರಿಂದ ತಾರೀಖಿನ ಮುದ್ರೆಗಳು, ನೇರಳೆ ಶಾಯಿ ಮಾಸಿ ಗುಲಾಬಿಯಾಗಿದೆ. ನಾನು ಬಯಲುಸೀಮೆಯವಳು, ಆ ಕಡೆಯ ಪದಗಳು ನನಗೆ ಕಷ್ಟ. ಮೂವತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ, ‘ಒರಲೆ – ಗೆದ್ದಲು’ ಅಂತ ಯಾರೋ ಬರೆದಿದ್ದರು. ಮುಂದೆ ‘ಗೊರಬು – ಗದ್ದೆ ಕೆಲಸದಲ್ಲಿ ಮಳೆಗೆ ತಲೆ ಬೆನ್ನು ಮುಚ್ಚಿಕೊಳ್ಳುವುದು’. ಹೀಗೇ ಕೊನೆಯವರೆಗೂ, ಎಲ್ಲಿ ಬೇಕೋ ಅಲ್ಲಿ ಮಾತ್ರ. 12 ಸಾವಿರದ ಯಂತ್ರದಲ್ಲಿ ಕನ್ನಡ ಪದವನ್ನು ಒತ್ತಿ ಹಿಡಿದರೆ ಅರ್ಥ ಬರುತ್ತಿರಲಿಲ್ಲ. ಇಲ್ಲಿ ಹೆಸರು ಹೇಳದ ಯಾರೋ ನನಗಿಂತ ಮುಂಚೆ ಓದಿ ಅರ್ಥ ಇಟ್ಟು ಹೋಗಿದ್ದರು.

ಹದಿನೈದು ದಿನದ ಗಡುವು ನನಗೆ ಒಳ್ಳೆಯದೇ ಮಾಡಿದೆ. ಕೊಂಡ ಪುಸ್ತಕ ಕಪಾಟಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಎರವಲು ತಂದದ್ದನ್ನು ಓದಲೇಬೇಕು. ಅಲ್ಲಿ ಪೇಪರ್ ಓದಲು ಬರುವ ಹಿರಿಯರೊಬ್ಬರು ನನ್ನ ಕೈಯಲ್ಲಿರುವುದನ್ನು ನೋಡಿ, “ಏನಮ್ಮಾ, ಮುಗೀತಾ? ಮುಗಿದಿದ್ರೆ ನನ್ನ ಕಾರ್ಡಿಗೆ ಹಾಕಿಸ್ಕೋತೀನಿ” ಅನ್ನುತ್ತಾರೆ. ಹೇಗಿತ್ತು ಅಂತ ಹತ್ತು ನಿಮಿಷ ಮಾತು ನಡೆಯುತ್ತದೆ.

ಮೆಟ್ರೋ ಸಮಸ್ಯೆ? ಅದು ಸುಲಭವಾಗಿಯೇ ಬಗೆಹರಿಯಿತು. ಎರಡು ಕಾರ್ಡು, ಎರಡು ಪುಸ್ತಕ. ದಪ್ಪದ್ದು ರಾತ್ರಿ ಮಂಚಕ್ಕೆ, ತೆಳ್ಳಗಿನದು ಬ್ಯಾಗಿಗೆ. ಕಥಾಸಂಕಲನ, ಕವಿತೆ, ನಾಟಕ ಎಲ್ಲ ಒಂದು ಕೈಗೆ ಸಲೀಸು. ರಂಗಶಂಕರಕ್ಕೆ ನಾಟಕ ನೋಡಲು ಹೋಗುವ ವಾರ ಆ ನಾಟಕದ ಪುಸ್ತಕ ಸಿಕ್ಕರೆ ರೈಲಿನಲ್ಲೇ ಓದಿಕೊಂಡು ಹೋಗುತ್ತೇನೆ. ನಿನ್ನೆ ಲೈಬ್ರರಿಯವರು ಫೋನ್ ಮಾಡಿ, “ಮೇಡಂ, ನೀವು ಕೇಳಿದ್ದು ವಾಪಸ್ ಬಂದಿದೆ, ಎತ್ತಿಟ್ಟಿದೀನಿ” ಅಂದರು. ನಾಳೆ ಸೋಮವಾರ, ನಾಡಿದ್ದು ಎರಡನೇ ಮಂಗಳವಾರ. ಇವತ್ತು ಸಂಜೆಯೊಳಗೆ ಹೋಗಿ ತರಬೇಕು.