ಬೋಟ್ ಜೆಟ್ಟಿಯ ನೀರು, ಕೆಸರು ಪರೀಕ್ಷೆ: ಮೈಸೂರಿನ ಒಂದು ಲ್ಯಾಬ್ ಬಗ್ಗೆ

ಮೈಸೂರಿನ ಹತ್ತಿರದ ಒಂದು ಕೆರೆಯಲ್ಲಿ ಬೋಟುಗಳ ಎಂಜಿನ್ ರಿಪೇರಿ ನನ್ನ ಕೆಲಸ. ಅದೇ ಕೆರೆಯಲ್ಲಿ ನಮ್ಮೂರಿನವರು ಬಲೆ ಬಿಡುತ್ತಾರೆ, ದನ ತೊಳೆಯುತ್ತಾರೆ. ಜೆಟ್ಟಿ ಪಕ್ಕ ನೀರಿನ ಮೇಲೆ ಎಣ್ಣೆ ಪದರ ದಿನಾ ಕಾಣೋಕೆ ಶುರುವಾಯಿತು. ಬೋಟಿನವರು, ಮೀನು ಹಿಡಿಯುವವರು ಸೇರಿ ದುಡ್ಡು ಹಾಕಿ ಒಂದು ಖಾಸಗಿ ಲ್ಯಾಬಿನವರನ್ನು ಕರೆಸಿದೆವು. ಸ್ಯಾಂಪಲ್ ತೆಗೆದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ರಿಪೋರ್ಟಿಗೆ ಅರ್ಧ ಮಾತ್ರ.

ಫೋನಿನಲ್ಲಿ ನೀರಿನ ಪರೀಕ್ಷೆ ಅಂತಷ್ಟೇ ಕೇಳಿದ್ದೆವು. ಕೆಸರನ್ನೂ ತೆಗೆಯೋಣ ಅಂದವರು ಅವರೇ. ಕಾರಣ ನನಗೆ ತಕ್ಷಣ ಹಿಡಿಸಿತು. ಹಳೇ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಸುಮಾರು ಕಾಲು ಭಾಗ ಉರಿಯದೇ ಆಚೆ ಹೋಗುತ್ತದೆ. ಹೊಗೆ ಬಿಡುವುದೂ ನೀರೊಳಗೇ. ಎಂಜಿನ್ ತುಕ್ಕು ಹಿಡಿಯದಿರಲಿ ಅಂತ ಕೂರಿಸುವ ಸತುವಿನ ತುಂಡು ತಾನೇ ಕರಗುತ್ತಾ ಹೋಗುತ್ತದೆ. ಬಣ್ಣ ಕೆರೆದ ಪುಡಿಯೂ ಸೇರುತ್ತದೆ. ಇವೆಲ್ಲ ಸಣ್ಣ ಮಣ್ಣಿನ ಕಣಕ್ಕೆ ಅಂಟಿ ತಳ ಸೇರುತ್ತವೆ. ನೀರು ಇವತ್ತಿನ ಕಥೆ ಹೇಳಿದರೆ ಕೆಸರು ವರ್ಷಗಳ ಲೆಕ್ಕ ಇಟ್ಟಿರುತ್ತದೆ.

ಬಂದಿದ್ದ ಹುಡುಗಿ ತುಂಬಾ ಅಚ್ಚುಕಟ್ಟು. ನಾನು ಬಾಟಲಿ ಹಿಡಿದುಕೊಳ್ಳಲು ಹೋದರೆ, "ಅಣ್ಣಾ, ಪೆಟ್ರೋಲ್ ಕ್ಯಾನ್ ಮುಟ್ಟಿದ ಕೈ ಅಲ್ವಾ, ಬೇಡಿ" ಅಂದರು. ಎಣ್ಣೆ ಪರೀಕ್ಷೆಗೆ ಗಾಜಿನ ಬಾಟಲಿ, ಲೋಹಕ್ಕೆ ಆಸಿಡ್ ಹಾಕಿದ ಪ್ಲಾಸ್ಟಿಕ್ ಬಾಟಲಿ. ಎಂಜಿನ್ ಆಫ್ ಮಾಡಿಸಿ, ಹಗ್ಗ ಕಟ್ಟಿದ ಕಬ್ಬಿಣದ ಬಾಯಿಯೊಂದನ್ನು ತಳಕ್ಕೆ ಬಿಟ್ಟರು. ಅದು ಕೆಸರು ಕಚ್ಚಿಕೊಂಡು ಬಾಯಿ ಮುಚ್ಚಿತು. ಮೇಲೆ ಬಂದ ಮೇಲೆ ಕಬ್ಬಿಣಕ್ಕೆ ತಾಗಿದ್ದ ಕೆಸರು ಬಿಟ್ಟು, ನಡುವಿನದನ್ನು ಮಾತ್ರ, ಅದೂ ಮೇಲಿನ ಪದರವನ್ನು, ಪ್ಲಾಸ್ಟಿಕ್ ಚಮಚದಲ್ಲಿ ತೆಗೆದರು. ಕಪ್ಪಗಿತ್ತು, ಗಬ್ಬು ವಾಸನೆ. ಎಲ್ಲ ಐಸ್ ಬಾಕ್ಸಿಗೆ ಹೋಯಿತು. ಬೋಟು ಓಡದ ಆಚೆ ದಡದಿಂದಲೂ ಅದೇ ಥರ ನುಣುಪಾದ ಕೆಸರು ತೆಗೆದರು. ಮರಳಿನಲ್ಲಿ ಲೋಹ ಅಷ್ಟಾಗಿ ನಿಲ್ಲುವುದಿಲ್ಲ, ಹಾಗಾಗಿ ಒಂದೇ ಥರದ ಮಣ್ಣನ್ನೇ ಹೋಲಿಸಬೇಕಂತೆ.

ಇನ್ನೊಂದು ಮೆಚ್ಚಿಕೊಂಡೆ. ಅವರ ರೇಟ್ ಪಟ್ಟಿಯಲ್ಲಿ ಟಿಬಿಟಿ ಪರೀಕ್ಷೆಯೂ ಇತ್ತು. ಸಮುದ್ರದ ಬೋಟುಗಳ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲಿ ಅಂತ ಬಳಿಯುತ್ತಿದ್ದ ವಿಷದ ಬಣ್ಣ ಅದು. 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು, ಆದರೂ ಹಳೇ ಬಂದರು, ಮರೀನಾಗಳ ಕೆಸರಿನಲ್ಲಿ ಇನ್ನೂ ಹುಡುಕುತ್ತಾರೆ. "ನಿಮ್ಮ ಫೈಬರ್ ಬೋಟಿಗೆ ಆ ಬಣ್ಣ ಬಳಿದೇ ಇಲ್ಲ, ಸುಮ್ನೆ ಯಾಕೆ ಖರ್ಚು" ಅಂತ ತಾವಾಗಿಯೇ ಬಿಡಿಸಿದರು.

ಈಗ ರಿಪೋರ್ಟ್. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಜಾಸ್ತಿ, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3ರ ಒಳಗೆ. ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ (ಸಿಪಿಸಿಬಿ) ಇಟ್ಟಿರುವ ಈ ಎರಡು ಮಿತಿಯಲ್ಲೂ ಪಾಸು. ನೀರನ್ನಷ್ಟೇ ನೋಡಿದ್ದರೆ ಎಲ್ಲ ಸರಿ ಇದೆ ಅಂತ ಮನೆಗೆ ಹೋಗುತ್ತಿದ್ದೆವು. ಕೆಸರಿನಲ್ಲಿ ಮಾತ್ರ ಜೆಟ್ಟಿ ಹತ್ತಿರ ತಾಮ್ರ, ಸತು, ಎಣ್ಣೆ ಮೂರೂ ಆಚೆ ದಡಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ.

ಜಾಸ್ತಿ ಅಂದರೆ ಎಷ್ಟು ಕೆಟ್ಟದ್ದು? ರಿಪೋರ್ಟಿನಲ್ಲಿ ಒಂದು ಸಾಲೂ ಇಲ್ಲ. ಬರೀ ಅಂಕಿ. ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ವಿವರ ಸಿಕ್ಕಿತು. ಹೊರದೇಶಗಳಲ್ಲಿ ಬಳಸುವ ಒಂದು ಅಳತೆಯ ಪ್ರಕಾರ ಸಿಹಿನೀರಿನ ಕೆಸರಿನಲ್ಲಿ ತಾಮ್ರ ಕೆಜಿಗೆ 31.6 ಮಿಲಿಗ್ರಾಂ ಒಳಗಿದ್ದರೆ ತಳದ ಹುಳುಗಳಿಗೆ ತೊಂದರೆ ಕಡಿಮೆ, 149 ದಾಟಿದರೆ ತೊಂದರೆ ಬಹುಪಾಲು ಖಚಿತ. ನಮ್ಮದು ಎರಡರ ನಡುವೆ. ಆ ಹುಳು ತಿಂದೇ ಮೀನು ಬೆಳೆಯುವುದು. ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಲಗತ್ತಿಸಿದ್ದರೆ ಮೀನು ಹಿಡಿಯುವವರೇ ಓದಿಕೊಳ್ಳುತ್ತಿದ್ದರು. ದುಡ್ಡು ಅವರದ್ದೂ ಇದೆ.

ಕರೆಸುವವರು ಎರಡು ವಿಷಯ ಮೊದಲೇ ಕೇಳಿ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ಅದರ ಮಾನ್ಯತೆ ನೀರಿಗಿದ್ದರೆ ಕೆಸರಿಗೂ ಇದೆ ಅಂತಲ್ಲ, ಮಾನ್ಯತೆ ಇರುವ ಪರೀಕ್ಷೆಗಳ ಪಟ್ಟಿ ತೋರಿಸಲು ಹೇಳಿ. ಬಿಲ್ಲು ಒಂದೊಂದು ಪರೀಕ್ಷೆಗೂ ಬೇರೆ ಬೇರೆ, ಹಾಗಾಗಿ ಸ್ಯಾಂಪಲ್ ತೆಗೆಯುವ ಜಾಗ ಹೆಚ್ಚಿದಷ್ಟೂ ಏರುತ್ತದೆ. ಆದರೂ ಬೋಟು ಓಡದ ಜಾಗದ ಸ್ಯಾಂಪಲ್ ಮಾತ್ರ ಬಿಡಬೇಡಿ. ಮಳೆಗಾಲ ಮುಗಿದ ಮೇಲೆ ನಾವು ಇದೇ ಲ್ಯಾಬಿನವರನ್ನು ಮತ್ತೆ ಕರೆಸುತ್ತಿದ್ದೇವೆ, ವಿವರಣೆ ಬರೆದುಕೊಡಬೇಕು ಅನ್ನುವ ಷರತ್ತಿನ ಮೇಲೆ.